ಮೊದಲು ನಿದ್ದೆ, ಆಮೇಲೆ ಮಾತು

ಹೆಸರು ಹಾಕದೆ ಬರೆಯುತ್ತಿದ್ದೇನೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬೇರೆಯವರು ಬಯಲು ಮಾಡುವಂತಿಲ್ಲ, ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ನಾನೇ ಬೇಕಾದರೆ ಹೇಳಿಕೊಳ್ಳಬಹುದು. ಸದ್ಯಕ್ಕೆ ಮನಸ್ಸಿಲ್ಲ. ಮನೆ ಮುಂಬೈ ಹತ್ತಿರದ ಡೊಂಬಿವಲಿ, ಅಮ್ಮನ ತವರು ಕುಮಟಾ ಕಡೆ, ನನ್ನ ಆಫೀಸು ಅಂಧೇರಿ. ಮಾಡಿದವನು ಪರಿಚಯದವನೇ. ಇಷ್ಟು ಸಾಕು.

ಆ ವಾರಗಳಲ್ಲಿ ನಾನು ಫೋನ್ ಹಿಡಿದು ಕನ್ನಡದಲ್ಲಿ ತುಂಬಾ ಹುಡುಕಿದೆ. ಕಾನೂನು ಸಿಕ್ಕಿತು, ಸುದ್ದಿ ಸಿಕ್ಕಿತು, ಧೈರ್ಯ ಹೇಳುವ ಮಾತೂ ಬೇಕಾದಷ್ಟು ಸಿಕ್ಕಿತು. ಆದರೆ ಕೌನ್ಸೆಲರ್ ಎದುರು ಹೋಗಿ ಕೂತರೆ ಏನಾಗುತ್ತದೆ, ಅವರು ಏನು ಕೇಳುತ್ತಾರೆ, ನೋವು ಜಾಸ್ತಿ ಆಗುತ್ತಾ, ಇದೆಲ್ಲ ಎಲ್ಲೂ ಕಣ್ಣಿಗೆ ಬೀಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಗೆಳತಿ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ. "ಪೊಲೀಸ್ ಕಂಪ್ಲೇಂಟ್ ಮಾಡಿ ಬನ್ನಿ, ಆಮೇಲೆ ನೋಡೋಣ" ಅಂದರು. ಹಾಗೆ ಹೇಳುವ ಹಕ್ಕೇ ಅವರಿಗಿಲ್ಲ. 2013ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲ ಆಸ್ಪತ್ರೆಯೂ ಇಂಥವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್. ಚಿಕಿತ್ಸೆ ಕೊಡದಿದ್ದರೆ ಶಿಕ್ಷೆಯೂ ಇದೆ. ಇದೆಲ್ಲ ನನಗೆ ಗೊತ್ತಾದದ್ದು ತಿಂಗಳುಗಳ ನಂತರ. ಅವತ್ತು ಇಬ್ಬರೂ ಸುಮ್ನೆ ಎದ್ದು ಹೊರಗೆ ಬಂದೆವು.

ಅಲ್ಲಿಂದ ರಿಕ್ಷಾ ಹಿಡಿದು ಪಾಲಿಕೆಯ ಆಸ್ಪತ್ರೆಗೆ ಹೋದೆವು. ಮುಂಬೈಯ ಪಾಲಿಕೆ ಆಸ್ಪತ್ರೆಗಳ ಬಗ್ಗೆ ಜನ ಏನೇನೋ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಆದರೆ ಈ ವಿಷಯದಲ್ಲಿ ಅವರಿಗೆ ಅನುಭವ ಇದೆ. ಹಿಂಸೆಗೆ ಒಳಗಾದ ಹೆಂಗಸರಿಗಾಗಿ ಆಸ್ಪತ್ರೆಯೊಳಗೇ ಒಂದು ಕೇಂದ್ರ ಇರಬೇಕು ಅಂತ ಪಾಲಿಕೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಸೆಹತ್ ಸಂಸ್ಥೆ ಸೇರಿ 2000ದ ಹೊತ್ತಿಗೇ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 'ದಿಲಾಸಾ' ಶುರು ಮಾಡಿದ್ದವು. ಆಮೇಲೆ ಅದು ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಹಾಗಾಗಿ ನನ್ನನ್ನು ನೋಡಿದ ತಕ್ಷಣ ನರ್ಸ್ ಗಾಬರಿಯಾಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಒಂದು ಪರದೆ ಎಳೆದರು, ಕೌನ್ಸೆಲರ್‌ಗೆ ಹೇಳಿ ಕಳಿಸಿದರು.

ದೇಹದ ಚಿಕಿತ್ಸೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ನುಂಗಬೇಕು. ಗರ್ಭ ತಡೆಯುವ ಮಾತ್ರೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಸಾಕ್ಷ್ಯಕ್ಕಾಗಿ ಮಾಡುವ ಪರೀಕ್ಷೆ ಬೇಡ ಅನ್ನಬಹುದು, ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಾನು ಒಪ್ಪಿದೆ. ಹೆಂಗಸಿಗೆ ಮೊದಲೇ ಲೈಂಗಿಕ ಸಂಬಂಧ ಇತ್ತಾ ಅಂತ ನೋಡುವ ಎರಡು ಬೆರಳಿನ ಪರೀಕ್ಷೆ ಅಂತ ಒಂದು ಅನಿಷ್ಟ ಇತ್ತಲ್ಲ, ಕೇಂದ್ರದ ಆರೋಗ್ಯ ಇಲಾಖೆ 2014ರಲ್ಲೇ ಅದು ಕೂಡದು ಅಂದಿದೆ. ಮಾಡಿದರೆ ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನನಗೆ ಮಾಡಲಿಲ್ಲ.

ಕೌನ್ಸೆಲರ್ ಬಂದರು. ನಲವತ್ತರ ಹೆಂಗಸು, ಹತ್ತಿ ಸೀರೆ. ಫಾರ್ಮಿನಲ್ಲಿ ಮಾತೃಭಾಷೆ ಕನ್ನಡ ಅಂತ ನೋಡಿದವರೇ ಕನ್ನಡಕ್ಕೆ ತಿರುಗಿದರು. ಅವರದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ. "ಮೇಡಂ ಅನಬ್ಯಾಡ, ಅಕ್ಕ ಅನ್ನು" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಏನಾರ ತಿಂದೀಯೇನವ್ವಾ?"

ಏನಾಯಿತು ಅಂತ ಅವರು ಕೇಳಲೇ ಇಲ್ಲ. ಇವತ್ತು ರಾತ್ರಿ ಎಲ್ಲಿ ಮಲಗುತ್ತೀಯ, ಅಲ್ಲಿಗೆ ಅವನು ಬರುವ ಸಾಧ್ಯತೆ ಇದೆಯಾ, ಮನೆಯಲ್ಲಿ ಯಾರಿಗೆ ಹೇಳಬಹುದು, ಯಾರಿಗೆ ಈಗಲೇ ಬೇಡ, ಇಷ್ಟೇ ಕೇಳಿದ್ದು. ನಾನೇ ಹೇಳಲು ಶುರು ಮಾಡಿದಾಗ ಕೇಳಿಸಿಕೊಂಡರು, ನಿಲ್ಲಿಸಿದಾಗ ಕೆದಕಲಿಲ್ಲ. "ಹೇಳಿದ್ರ ಕೇಳ್ತೀನಿ, ಹೇಳಲಿಲ್ಲಂದ್ರ ಸುಮ್ಮನ ಕೂಡ್ತೀನಿ. ಎರಡೂ ನನ್ನ ಕೆಲಸನ." ಹೋಗುವ ಮುಂಚೆ ಒಂದು ಮಾತು ಹೇಳಿದರು. ಮುಂದಿನ ವಾರಗಳಲ್ಲಿ ನಿದ್ದೆ ಬರಲ್ಲ, ಕೆಟ್ಟ ಕನಸು ಬೀಳುತ್ತವೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೀಯ, ಒಮ್ಮೊಮ್ಮೆ ಏನೂ ಅನ್ನಿಸುವುದೇ ಇಲ್ಲ. ಹುಚ್ಚು ಹಿಡಿಯುತ್ತಿದೆ ಅಂದುಕೊಳ್ಳಬೇಡ. ಹೆಚ್ಚಿನವರಿಗೆ ಹೀಗೇ ಆಗುತ್ತದೆ.

ನಿಜಕ್ಕೂ ಹೆಚ್ಚಿನವರಿಗೆ. ಅಮೆರಿಕದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರನ್ನು ವಾರವಾರವೂ ಗಮನಿಸಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಎರಡು ವಾರದ ಹೊತ್ತಿಗೆ 94% ಜನರಲ್ಲಿ ಪಿಟಿಎಸ್‌ಡಿಯ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ಮೂರು ತಿಂಗಳ ಹೊತ್ತಿಗೆ ಅದು 47%ಕ್ಕೆ ಇಳಿದಿತ್ತು. ಅಂದರೆ ಅರ್ಧದಷ್ಟು ಜನಕ್ಕೆ ತಾನಾಗಿಯೇ ಕಡಿಮೆಯಾಗುತ್ತದೆ, ಇನ್ನರ್ಧಕ್ಕೆ ಆಗುವುದಿಲ್ಲ. ಯಾರು ಯಾವ ಅರ್ಧ ಅಂತ ಮೊದಲ ದಿನವೇ ಹೇಳಲಿಕ್ಕೆ ಬರುವುದಿಲ್ಲ. ಅದಕ್ಕೇ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

ಮನೆಯಲ್ಲಿ ಮಾತ್ರ ಎರಡು ಪಕ್ಷ ಆಗಿತ್ತು. ಅಮ್ಮನದು ಒಂದೇ ಮಾತು. "ಎಂತಕ್ಕೆ ಪದೇ ಪದೇ ನೆನಪು ಮಾಡ್ಕಳ್ಳೋದು? ಮರ್ತ್‌ಬಿಡು ಮಗಾ." ಗೆಳತಿಯದು ಇನ್ನೊಂದು. "ಒಳಗೆ ಇಟ್ಕೋಬೇಡ, ಒಂದು ಸಲ ಎಲ್ಲ ಹೊರಗೆ ಹಾಕಿಬಿಡು, ಹಗುರಾಗ್ತೀಯ." ಪಾಪ, ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಇಬ್ಬರ ಮಾತೂ ನನ್ನ ವಿಷಯದಲ್ಲಿ ನಡೆಯಲಿಲ್ಲ.

ಗೆಳತಿ ಹೇಳಿದ್ದು ಒಂದು ಕಾಲದಲ್ಲಿ ಡಾಕ್ಟರುಗಳೂ ನಂಬಿದ್ದ ವಿಷಯ. ದುರಂತ ಆದ ಕೂಡಲೇ ಕೂರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಸುವುದಕ್ಕೆ ಡಿಬ್ರೀಫಿಂಗ್ ಅನ್ನುತ್ತಾರೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಸುಟ್ಟಗಾಯ ಆದವರ ಮೇಲೆ ಇದನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಹೀಗೆ ಮಾತಾಡಿಸಿದವರಲ್ಲಿ 13 ತಿಂಗಳ ನಂತರ 26% ಜನಕ್ಕೆ ಪಿಟಿಎಸ್‌ಡಿ ಇತ್ತು. ಹಾಗೆ ಮಾತಾಡಿಸದೆ ಬಿಟ್ಟವರಲ್ಲಿ 9%. ಒಂದೇ ಸಲದ ಈ ಹೇಳಿಸುವಿಕೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂಡ 2013ರ ತನ್ನ ಸೂಚನೆಗಳಲ್ಲಿ ಹೇಳಿದೆ. ಬೇಗ ಚಿಕಿತ್ಸೆ ಸಿಗಬೇಕು ಅಂದರೆ ಬೇಗ ಕೆದಕಬೇಕು ಅಂತ ಅರ್ಥ ಅಲ್ಲ. ಇದನ್ನು ನಾನು ಮನೆಮನೆಗೆ ಹೋಗಿ ಹೇಳಬೇಕು ಅನ್ನಿಸುತ್ತದೆ.

ಅಮ್ಮನ ಹೆದರಿಕೆಯ ಬೇರು ಬೇರೆ ಇತ್ತು. ಅವಳ ತವರಿನ ಹತ್ತಿರವೇ ಹಳದೀಪುರ. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್ ಅರುಣಾ ಶಾನಭಾಗ್ ಆ ಊರಿನವರು. 1973ರ ನವೆಂಬರ್‌ನಲ್ಲಿ ಅಲ್ಲಿನ ವಾರ್ಡ್ ಬಾಯ್ ಒಬ್ಬ ಹಲ್ಲೆ ಮಾಡಿದ ಮೇಲೆ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನರ್ಸುಗಳೇ ನೋಡಿಕೊಂಡರು. ಊರಿನಿಂದ ಮುಂಬೈಗೆ ಬರುವ ಹುಡುಗಿಯರಿಗೆಲ್ಲ ಆ ಕತೆ ಹೇಳಿ ಕಳಿಸುತ್ತಿದ್ದರಂತೆ. ಅಮ್ಮನ ತಲೆಯಲ್ಲಿ ಇದ್ದದ್ದು ಆ ಒಂದೇ ಚಿತ್ರ: ಹೀಗಾದವಳು ಮತ್ತೆ ಏಳುವುದಿಲ್ಲ. ಅದಕ್ಕೇ ಅವಳಿಗೆ ಆ ಮಾತೇ ಬೇಡವಾಗಿತ್ತು. ಅಕ್ಕ ಅಮ್ಮನನ್ನೂ ಕರೆಸಿ ಮಾತಾಡಿದರು, ನನ್ನನ್ನು ಹೊರಗೆ ಕೂರಿಸಿ. ಏನು ಮಾತಾಡಿದರೋ ನಾನು ಕೇಳಿಲ್ಲ. ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಅಮ್ಮ ಹೇಳಿದ್ದು, "ನೀನು ಹೇಳೂಕೆ ಬೇಕು ಅಂದ್ರೆ ಹೇಳು, ಬೇಡ ಅಂದ್ರೆ ಅಡ್ಡಿಲ್ಲ. ಊಟ ಮಾತ್ರ ಬಿಡಬೇಡ."

ನಿದ್ದೆಯದು ದೊಡ್ಡ ಗೋಳು. ನಮ್ಮ ಫ್ಯಾಮಿಲಿ ಡಾಕ್ಟರ್ ನಿದ್ದೆ ಮಾತ್ರೆ ಬರೆದುಕೊಟ್ಟರು. ಅಲ್ಪ್ರಾಜೋಲಮ್. ನುಂಗಿದರೆ ರಾತ್ರಿ ಕಳೆಯುತ್ತಿತ್ತು, ಹಗಲು ಮಂಕು. ಅಕ್ಕ ಕಳಿಸಿದ ಸೈಕಿಯಾಟ್ರಿಸ್ಟ್ ಚೀಟಿ ನೋಡಿ, ಇಂಥ ಘಟನೆಯ ಮೊದಲ ತಿಂಗಳಲ್ಲಿ ಈ ಜಾತಿಯ ಮಾತ್ರೆ ಬೇಡ ಅಂದರು. ಪಿಟಿಎಸ್‌ಡಿ ಆಗದಂತೆ ಇದು ತಡೆಯುವುದಿಲ್ಲ, ಅಭ್ಯಾಸ ಬೇರೆ ಆಗಿಬಿಡುತ್ತದೆ ಅಂತ ವಿವರಿಸಿ ನಿಧಾನಕ್ಕೆ ಬಿಡಿಸಿದರು. ಅದರ ಬದಲು ಅವರು ಹೇಳಿದ್ದು ಬಹಳ ಸಾದಾ ವಿಷಯಗಳು. ಒಂದೇ ಹೊತ್ತಿಗೆ ಏಳುವುದು. ಹಗಲು ಮಲಗದೇ ಇರುವುದು. ರಾತ್ರಿ ಎಚ್ಚರವಾದರೆ ಎದ್ದು ದೀಪ ಹಾಕಿ, ಕಾಲು ನೆಲಕ್ಕೆ ಊರಿ, ಇದು ಡೊಂಬಿವಲಿ, ಇದು ನಮ್ಮ ಅಡುಗೆಮನೆ ಅಂತ ಜೋರಾಗಿ ಹೇಳಿಕೊಳ್ಳುವುದು. ಮೊದಮೊದಲು ನನಗೇ ನಗು ಬರುತ್ತಿತ್ತು. ಆಮೇಲೆ ಅಪ್ಪನೂ ಎದ್ದು ಬರತೊಡಗಿದರು. ಅಪ್ಪ ಈ ವಿಷಯದ ಬಗ್ಗೆ ನನ್ನ ಹತ್ತಿರ ಇವತ್ತಿನವರೆಗೂ ಒಂದು ಮಾತಾಡಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಂದು ಗ್ಯಾಸ್ ಹಚ್ಚಿ ಹಾಲು ಕಾಯಿಸುತ್ತಿದ್ದರು.

ತಿಂಗಳು ದಾಟಿತು. ನಿದ್ದೆ ಸ್ವಲ್ಪ ಸುಧಾರಿಸಿತು, ಉಳಿದದ್ದು ಹಾಗೇ ಇತ್ತು. ಲಿಫ್ಟ್ ಹತ್ತುತ್ತಿರಲಿಲ್ಲ. ಒಂದು ಡಿಯೋಡರೆಂಟಿನ ವಾಸನೆ ಬಂದರೆ ವಾಂತಿ ಬರುತ್ತಿತ್ತು. ಲೋಕಲ್ ಬಿಟ್ಟು ಆಫೀಸಿನಿಂದ ವರ್ಕ್ ಫ್ರಂ ಹೋಮ್ ಕೇಳಿಕೊಂಡಿದ್ದೆ. ಪಿಟಿಎಸ್‌ಡಿ ಅಂತ ಗುರುತಿಸಲು ಕನಿಷ್ಠ ಒಂದು ತಿಂಗಳಾದರೂ ಲಕ್ಷಣಗಳು ಇರಬೇಕು, ಅದಕ್ಕೇ ಅಷ್ಟು ಹೊತ್ತು ಕಾದದ್ದು. ಕಾಯುವುದು ಅಂದರೆ ಕೈಬಿಡುವುದಲ್ಲ ಅಂತ ಈಗ ಅರ್ಥವಾಗುತ್ತದೆ. ಆಗ ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು. ಅವರು ನನ್ನನ್ನು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

ಇಲ್ಲಿಂದ ನಿಜವಾದ ಹೇಳುವಿಕೆ ಶುರುವಾಯಿತು.

ಈ ಚಿಕಿತ್ಸೆಯ ಹೆಸರು ಪ್ರೊಲಾಂಗ್ಡ್ ಎಕ್ಸ್‌ಪೋಷರ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ ರೂಪಿಸಿದ್ದು. ಸಾಮಾನ್ಯವಾಗಿ 8ರಿಂದ 15 ಸೆಷನ್, ಒಂದೊಂದೂ ಒಂದೂವರೆ ಗಂಟೆ. ಬೇರೆ ದಾರಿಗಳೂ ಇವೆ. ಘಟನೆಯ ಬಗ್ಗೆ ನಮ್ಮೊಳಗೆ ಕೂತ ತಪ್ಪು ಯೋಚನೆಗಳನ್ನು ತಿದ್ದುವ, ಪ್ಯಾಟ್ರಿಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಇದೆ, ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪು ಮಾಡಿಕೊಳ್ಳುವ ಇಎಂಡಿಆರ್ ಇದೆ. ಮೂರನ್ನೂ ವಿವರಿಸಿ, ಯಾವುದು ಬೇಕು ಅಂತ ನನ್ನನ್ನೇ ಕೇಳಿದರು. ನಾನು ಇದನ್ನು ಆರಿಸಿದೆ. ದೊಡ್ಡ ಕಾರಣ ಏನಿಲ್ಲ, ಹೋಮ್‌ವರ್ಕ್ ಇದೆ ಅಂದದ್ದು ಇಷ್ಟವಾಯಿತು. ಕೈಗೆ ಏನಾದರೂ ಕೆಲಸ ಬೇಕಿತ್ತು.

ಕಣ್ಣು ಮುಚ್ಚಿ, ಆ ಸಂಜೆ ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. "ಹೋದೆ" ಅನ್ನುವಂತಿಲ್ಲ, "ಹೋಗುತ್ತಿದ್ದೇನೆ" ಅನ್ನಬೇಕು. ಅವರು ನಡುನಡುವೆ ಒಂದೇ ಪ್ರಶ್ನೆ ಕೇಳುತ್ತಾರೆ: ಈಗ ಎಷ್ಟು? ಸೊನ್ನೆ ಅಂದರೆ ನೆಮ್ಮದಿ, 100 ಅಂದರೆ ಇದಕ್ಕಿಂತ ಜಾಸ್ತಿ ತಡೆಯಲಾಗದು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಎಲ್ಲವೂ ರೆಕಾರ್ಡ್ ಆಗುತ್ತದೆ.

ಸೈಕಾಲಜಿಸ್ಟ್ ಮರಾಠಿಯವರು, ನಾನು ಹಿಂದಿಯಲ್ಲಿ ಹೇಳಿದೆ. ಗಡಗಡ ಹೇಳಿ ಮುಗಿಸಿದೆ. ನಂಬರ್ 30 ದಾಟಲಿಲ್ಲ. ನಾನು ಬಹಳ ಗಟ್ಟಿ ಅಂದುಕೊಂಡು ಹೆಮ್ಮೆಪಟ್ಟೆ. ಅವರು ನೋಟ್ಸ್ ನೋಡುತ್ತಾ, ಯಾರದೋ ಕೇಸ್ ಓದಿದ ಹಾಗಿತ್ತು, ನಿನಗೆ ಕನಸು ಯಾವ ಭಾಷೆಯಲ್ಲಿ ಬೀಳುತ್ತದೆ ಅಂದರು. ಮುಂದಿನ ಸಲ ಕನ್ನಡದಲ್ಲಿ ಹೇಳಿಸಿದರು. ಅವರಿಗೆ ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ತಿಳಿಯುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು, ನಂಬರ್ ಕೇಳುತ್ತಿದ್ದರು. ಆಮೇಲೆ ಹಿಂದಿಯಲ್ಲಿ ಕೂತು ಚರ್ಚೆ. ಕನ್ನಡದಲ್ಲಿ ಹೇಳಿದ ದಿನ ನಂಬರ್ 95ಕ್ಕೆ ಹೋಯಿತು. ಅವತ್ತು ಮನೆಗೆ ಬಂದು ಚಪ್ಪಲಿ ಹಾಕಿಕೊಂಡೇ ಮಲಗಿಬಿಟ್ಟೆ. ಆ ವಾರ ಕೆಟ್ಟ ಕನಸು ಜಾಸ್ತಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ: ಮೊದಲು ಜಾಸ್ತಿಯಾಗುತ್ತದೆ. ಹೀಗಾಗಬಹುದು ಅಂತ ಅವರು ಮೊದಲೇ ಹೇಳಿದ್ದರಿಂದ ಬಿಟ್ಟು ಓಡಲಿಲ್ಲ.

ಹೋಮ್‌ವರ್ಕ್ ಏನೆಂದರೆ, ಆ ರೆಕಾರ್ಡಿಂಗ್ ದಿನಾ ಕೇಳಬೇಕು. ಕೇಳುವುದಾದರೂ ಎಲ್ಲಿ? ನಮ್ಮದು ಒನ್ ರೂಮ್ ಕಿಚನ್. ಮಂಚದ ಮೇಲೆ ಟಿವಿ ನೋಡುವ ಅಪ್ಪ, ಅಡುಗೆಮನೆಯಲ್ಲಿ ಅಮ್ಮ, ಬಾಗಿಲು ತೆಗೆದರೆ ಪಕ್ಕದ ಮನೆಯವರು. ಅಮೆರಿಕದಲ್ಲಿ ರೂಪಿಸಿದವರಿಗೆ ಈ ಕಷ್ಟ ಹೊಳೆದಿರಲಿಕ್ಕಿಲ್ಲ. ಕೊನೆಗೆ ಅಮ್ಮನೇ ದಾರಿ ಮಾಡಿದಳು. ಸಂಜೆ ಅಪ್ಪನನ್ನು ತರಕಾರಿಗೆ ಕಳಿಸಿ, ತಾನು ಹೊರಗಿನ ಪ್ಯಾಸೇಜಿನಲ್ಲಿ ಮೊರ ಹಿಡಿದು ಕೂರುತ್ತಿದ್ದಳು. ಯಾರಾದರೂ ಬಂದರೆ "ಮಗಳು ಆಫೀಸ್ ಮೀಟಿಂಗಲ್ಲಿ ಇದ್ದಾಳೆ." ಮರೆತುಬಿಡು ಅಂದವಳೇ ನೆನಪು ಮಾಡಿಕೊಳ್ಳಲು ಕಾವಲು ಕೂತಳು. ಒಂದು ಮಾತೂ ಕೇಳಲಿಲ್ಲ.

ಕೇಳುತ್ತಾ ಕೇಳುತ್ತಾ ಒಂದು ವಿಚಿತ್ರ ಆಯಿತು. ಬೇಜಾರು ಬಂತು. ನನ್ನದೇ ದನಿ, ಅದೇ ಮಾತು, ಲೋಕಲ್‌ನಲ್ಲಿ 'ಅಗಲಾ ಸ್ಟೇಷನ್ ಠಾಕುರ್ಲಿ' ಅನ್ನುವ ಅನೌನ್ಸ್‌ಮೆಂಟಿನ ಹಾಗೆ. ನಡುವೆ ನಾಳೆಗೆ ಟಿಫಿನ್‌ಗೆ ಏನು ಅಂತ ಯೋಚನೆ ಬಂತು. ಇದನ್ನು ಸೈಕಾಲಜಿಸ್ಟ್‌ಗೆ ಹೇಳಲು ನಾಚಿಕೆಯಾಯಿತು. ಅವರಿಗೆ ಮಾತ್ರ ಖುಷಿಯೋ ಖುಷಿ. ನೆನಪು ಇನ್ನು ಮೈಮೇಲೆ ಬರುವುದಿಲ್ಲ, ಬರೀ ನೆನಪಾಗಿ ಉಳಿಯುತ್ತಿದೆ, ಇದೇ ಬೇಕಾಗಿದ್ದದ್ದು ಅಂದರು.

ಒಂದು ಜಾಗದಲ್ಲಿ ಮಾತ್ರ ನಂಬರ್ ಇಳಿಯುತ್ತಲೇ ಇರಲಿಲ್ಲ. ನಾನು ಕೂಗದೇ ಇದ್ದ ಜಾಗ. ಬಾಯಿ ಇತ್ತು, ದನಿ ಇತ್ತು, ಪಕ್ಕದ ಫ್ಲಾಟಿನಲ್ಲಿ ಜನ ಇದ್ದರು. ಕೂಗಲಿಲ್ಲ. ಕೈ ಎತ್ತಲಿಲ್ಲ. ಸೋದರತ್ತೆ ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೂ ಅದೇ, "ಕೂಗಿದ್ರೆ ಯಾರಾದ್ರೂ ಬರ್ತಿದ್ರಪ್ಪ." ಸೈಕಾಲಜಿಸ್ಟ್ ಆ ಜಾಗವನ್ನು ಬಿಡಿಸಿ ಬಿಡಿಸಿ ಕೇಳಿದರು. ಕೈ ಹೇಗಿತ್ತು? ತಣ್ಣಗೆ. ಕಾಲು? ಗೊತ್ತಾಗುತ್ತಿರಲಿಲ್ಲ. ಕೂಗಬೇಕು ಅನ್ನಿಸಿತ್ತಾ? ಅನ್ನಿಸಿತ್ತು, ಆಗಲಿಲ್ಲ. ಆಗ ಅವರು ಸ್ಟಾಕ್‌ಹೋಮಿನ ಒಂದು ಅಧ್ಯಯನದ ಬಗ್ಗೆ ಹೇಳಿದರು. ಅತ್ಯಾಚಾರಕ್ಕೆ ಒಳಗಾಗಿ ಅಲ್ಲಿನ ತುರ್ತು ಕ್ಲಿನಿಕ್ಕಿಗೆ ಬಂದ 298 ಹೆಂಗಸರನ್ನು ಕೇಳಿದ್ದರು. 70% ಜನಕ್ಕೆ ಆ ಹೊತ್ತಿನಲ್ಲಿ ಮೈ ಮರಗಟ್ಟಿತ್ತು. 2017ರಲ್ಲಿ ಪ್ರಕಟವಾದದ್ದು. ತಡೆಯಲಾಗದ ಭಯದಲ್ಲಿ ದೇಹ ತಾನಾಗಿಯೇ ಹಾಗೆ ಮಾಡುತ್ತದೆ, ನಾವು ತೀರ್ಮಾನ ಮಾಡುವ ಮಾತೇ ಇಲ್ಲ. ನಾನು ಆ 70% ಅನ್ನುವ ಅಂಕಿಯನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಅಮ್ಮ ಅದನ್ನು ಸೋದರತ್ತೆಗೆ ಓದಿ ಹೇಳಿದಳಂತೆ. ಅತ್ತೆ ಏನೂ ಅನ್ನಲಿಲ್ಲವಂತೆ. ಅತ್ತೆ ಏನೂ ಅನ್ನದೇ ಇರುವುದು ನಮ್ಮ ಮನೆತನದಲ್ಲಿ ಸಣ್ಣ ವಿಷಯ ಅಲ್ಲ.

ಇನ್ನೊಂದು ಕಡೆ ಪಟ್ಟಿಯ ಕೆಲಸ ನಡೆಯುತ್ತಿತ್ತು. ಯಾವುದಕ್ಕೆಲ್ಲ ಹೆದರಿ ದೂರ ಇದ್ದೇನೋ ಅದನ್ನು ಬರೆದು ಪಕ್ಕದಲ್ಲಿ ನಂಬರ್ ಹಾಕಬೇಕು. ಮಾಟುಂಗಾದಲ್ಲಿ ಒಬ್ಬಳೇ ಕೂತು ದೋಸೆ ತಿನ್ನುವುದು, 35. ಇಲ್ಲಿನ ಕನ್ನಡಿಗರ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೋಗಿ ಪರಿಚಯದವರ ಮುಖ ನೋಡುವುದು, 60. ಇದು ಜಾಸ್ತಿ ಅನ್ನಿಸಬಹುದು, ಆದರೆ "ಏನಮ್ಮ, ಬಹಳ ದಿನ ಆಯ್ತು, ಸಪೂರ ಆಗಿದ್ದೀಯ" ಅನ್ನುವ ಮಾತಿಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಅಂಗಡಿಯಲ್ಲಿ ಆ ಡಿಯೋಡರೆಂಟ್ ಹಿಡಿದು ಮೂಸುವುದು, 75. ಗಂಡಸರು ಇರುವ ಲಿಫ್ಟ್, 85. ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಬೇಕು. ಹೋಗಿ ಅಲ್ಲೇ ನಿಲ್ಲಬೇಕು, ನಂಬರ್ ಅರ್ಧಕ್ಕಾದರೂ ಇಳಿಯುವವರೆಗೆ.

ರಾತ್ರಿ ಹನ್ನೊಂದರ ಲೋಕಲ್‌ನ ಖಾಲಿ ಡಬ್ಬ ಅಂತಲೂ ಬರೆದಿದ್ದೆ. ಅದನ್ನು ಸೈಕಾಲಜಿಸ್ಟ್ ಹೊಡೆದುಹಾಕಿದರು. ಪಟ್ಟಿಯಲ್ಲಿ ನಿಜವಾಗಿ ಅಪಾಯ ಇಲ್ಲದ್ದು ಮಾತ್ರ ಇರಬೇಕು, ಖಾಲಿ ಡಬ್ಬಕ್ಕೆ ನಾನೂ ಹತ್ತುವುದಿಲ್ಲ ಅಂದರು. ನನಗೆ ಸಮಾಧಾನ ಆಯಿತು. ಈ ಊರಿನಲ್ಲಿ ಯಾವುದು ಕಾಯಿಲೆಯ ಭಯ, ಯಾವುದು ಬುದ್ಧಿವಂತಿಕೆ ಅಂತ ಬೇರೆ ಮಾಡುವುದು ಅವರಿಗೂ ಸುಲಭ ಇರಲಿಲ್ಲ.

ಮಧ್ಯಾಹ್ನದ ಸ್ಲೋ ಲೋಕಲ್, ಲೇಡೀಸ್ ಡಬ್ಬ, ಮೊದಲು ಠಾಣೆಯವರೆಗೆ. ಆಮೇಲೆ ದಾದರ್. ಈಗ ಬೆಳಗಿನ ಫಾಸ್ಟ್‌ನಲ್ಲಿ ಜಗಳ ಮಾಡಿ, ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟು ಹಿಡಿಯುತ್ತೇನೆ.

ಪೊಲೀಸರ ಮುಂದೆ ಹೇಳುವುದು ಬೇರೆಯೇ ಕೆಲಸ, ಅದನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಸಮಯ, ಜಾಗ, ಬಟ್ಟೆ, ಯಾವ ಕೈ. ಹೇಳಿಕೆಯನ್ನು ನಾವು ಹೇಳಿದ ಜಾಗದಲ್ಲಿ, ಆದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅಂತ ಕಾನೂನು ಇದೆ. ನಮ್ಮ ಮನೆಗೇ ಬಂದರು. ಅಕ್ಕ ಪಕ್ಕದಲ್ಲಿ ಕೂತಿದ್ದರು. ಮ್ಯಾಜಿಸ್ಟ್ರೇಟ್ ಮುಂದೆಯೂ ಹೇಳಿದೆ. ಎರಡು ಕಡೆಯೂ ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ. ಅಲ್ಲಿ ಮನಸ್ಸು ಹಗುರಾಗಲಿ ಅಂತ ಆಸೆಪಟ್ಟು ಹೋಗಬಾರದು ಅಂತ ಅಕ್ಕ ಮೊದಲೇ ಎಚ್ಚರಿಸಿದ್ದರು.

ಖರ್ಚಿನ ಬಗ್ಗೆ ಕೇಳುವವರಿದ್ದಾರೆ. ಆಸ್ಪತ್ರೆಯ ಕೌನ್ಸೆಲಿಂಗ್‌ಗೆ ಒಂದು ಪೈಸೆ ಕೊಟ್ಟಿಲ್ಲ. ಕೆಇಎಂ, ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ, ಚೀಟಿಗೆ ಕಡಿಮೆ ದುಡ್ಡು, ಕ್ಯೂ ಜಾಸ್ತಿ. ಇಂಥವರಿಗೆ ಪರಿಹಾರದ ಹಣ ಕೊಡುವ ಮಹಾರಾಷ್ಟ್ರ ಸರ್ಕಾರದ ಮನೋಧೈರ್ಯ ಯೋಜನೆ 2013ರಿಂದ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು. ಮನೆಯಿಂದ ಹೊರಗೆ ಬರಲಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ.

ನನ್ನ ಸೆಷನ್ ಮುಗಿದಿವೆ. ಡಿಯೋಡರೆಂಟ್ ಇನ್ನೂ 30ರ ಹತ್ತಿರ ಇದೆ. ಅದು ಅಷ್ಟಕ್ಕೇ ನಿಲ್ಲಬಹುದು ಅಂತ ಸೈಕಾಲಜಿಸ್ಟ್ ಹೇಳಿದ್ದಾರೆ, ಇರಲಿ. ಕೇಸು ನಡೆಯುತ್ತಿದೆ. ವಿಚಾರಣೆ ಮುಚ್ಚಿದ ಕೋರ್ಟಿನಲ್ಲಿ ಆಗುತ್ತದೆ, ಆದರೂ ಅವನ ವಕೀಲರು ಇರುತ್ತಾರೆ, ಅವರು ಕೇಳುವುದನ್ನು ಕೇಳಿಯೇ ಕೇಳುತ್ತಾರೆ. ಹಾಗಾಗಿ ಹೊಸ ಪಟ್ಟಿ ಮಾಡಿದ್ದೇವೆ. ಕೋರ್ಟಿನ ಗೇಟಿನವರೆಗೆ ಹೋಗಿ ಬರುವುದು, 50. ಖಾಲಿ ಕಟಕಟೆ ನೋಡುವುದು, 65. ಸೋದರತ್ತೆ ಕೇಳಿದ ಪ್ರಶ್ನೆಯನ್ನು ಸೈಕಾಲಜಿಸ್ಟ್ ವಕೀಲರ ದನಿಯಲ್ಲಿ ಕೇಳುವುದು, ನಾನು ಉತ್ತರ ಹೇಳುವುದು, 90. ಮುಂದಿನ ತಿಂಗಳಿಂದ ಗೇಟಿನ ಕೆಲಸ ಶುರು. ಅಮ್ಮ ತಾನೂ ಬರುತ್ತೇನೆ ಅಂದಿದ್ದಾಳೆ.